ಪರಾತ ಕೊಡೂದಿಲ್ಲ

ಮೂರನೇ ಸಲ ಬರಿಗೈಲೆ ತಿರುಗಿ ಬಂದೀವಿ, ಜಗದೇವಿ.
ದವಾಖಾನಿ ಕಿಡಕ್ಯಾಗಿನ ಹುಡುಗಿ ಚೀಟಿ ನೋಡಿ
ತಲಿ ಎತ್ತದೇ ಅಂದಳು:
ಕೌಂಟ್ ಭಾಳ ಕಮ್ಮಿ ಅದ, ಇವತ್ತು ಹಚ್ಚೂದಿಲ್ಲ,
ಮುಂದಿನ ಸೋಮವಾರ ಬರ್ರಿ.
ಹಚ್ಚಿದ ದಿನಾನೂ ಅತ್ತಿದ್ದಿ,
ಹಚ್ಚಲಿಲ್ಲಂತ ಇವತ್ತೂ ಅತ್ತಿ.
ವಾಂತಿಗಂತ ತಂದ ಚೀಲ
ಮಡಚಿದ್ದು ಮಡಚಿದಂಗೇ ನನ್ನ ಮುಷ್ಟಿಯಾಗ.

ಕಲಬುರಗಿ ಟೇಷನ್ನಿನ ಕಲ್ಲಬೆಂಚು ಕಾದ ಹಂಚು.
ನೀ ಕುಂಡರಲಿಲ್ಲ, ನಾನೂ ಕುಂಡರಲಿಲ್ಲ.
ವಾಡಿ ಪ್ಯಾಸೆಂಜರ್ ಒಂದೂವರಿ ತಾಸು ಲೇಟು.
"ನನ್ನ ರಕ್ತನೂ ಲೇಟು, ಗಾಡಿನೂ ಲೇಟು" ಅಂದಿ.
ನಗಬೇಕೋ ಬ್ಯಾಡೋ ತಿಳೀಲಿಲ್ಲ.
ತಿಳೀದೇ ಅಂದೆ:
"ಧೈರ್ಯ ತಗೋ ತಂಗಿ, ಎಲ್ಲಾ ಚಂದ ಆಗ್ತದ."

ನೀ ತಿರುಗಿ ನೋಡಿದ್ದು,
ನಡುಮನಿಗೆ ಗ್ವಾಡಿ ಎಬ್ಬಿಸಿದ ದಿನ ನೋಡಿದ್ದಿ, ಹಂಗ.
"ಯಾವಾಗಿಂದ ತಂಗಿ ಅನ್ಲತ್ತಿ ನನಗ?
ಅತ್ತಿ ಮಾತಿಗೆ ಜೇನು ಹಚ್ಯಾಳ,
ಗಂಡ ಬೆಲ್ಲ ಆಗ್ಯಾನ,
ಓಣಿ ಮಂದಿ ಚಪ್ಪಲಿ ಬಿಟ್ಟು ಸಾವಕಾಶ ಒಳಗ ಬರ್ತಾರ,
ಮಣ್ಣಿಗೆ ಬಂದಂಗ.
ನೀನೂ ಸಿಹಿ ಆದೀ ಅಂದ್ರ
ನನಗ ಖಾತ್ರಿನೇ ಆಗ್ತದ, ಅಕ್ಕಾ."

ಪರಾತದ ಸುದ್ದಿ ನಮ್ಮಿಬ್ಬರಿಗೇ ಗೊತ್ತು.
ಹಿತ್ತಾಳಿದು. ಅಂಚಿಗೊಂದು ತಗ್ಗು.
ಅಡಿಗೆ ನಿಮ್ಮವ್ವನ ಹೆಸರು.
ಮನಿ ಪಾಲಾದಾಗ ಗ್ವಾಡಿ ಈಚಿ ಕಡೆ ಉಳೀತು;
ನೀ ಕೇಳಿದಿ, ನಾ ಇಲ್ಲ ಅಂದೆ.
ಹನ್ನೊಂದು ವರ್ಷ ನೀ ಸ್ಟೀಲಿನ ತಾಟಿನ್ಯಾಗ ಜ್ವಾಳದ ಹಿಟ್ಟು ನಾದಿದಿ.
ಖರೆ ಹೇಳ್ತೀನಿ, ನಾನೂ ಅದರಾಗ ನಾದಲಿಲ್ಲ.
ಅಟ್ಟದ ಮ್ಯಾಲ ಬೋರಲು ಬಿದ್ದಿತ್ತು.

ನಿನಗ ಗಂಟು ಕೈಗೆ ಹತ್ತಿದ ವಾರ
ಇಳಿಸಿ, ಹುಣಸಿಹಣ್ಣು ಹಚ್ಚಿ ತಿಕ್ಕಿದೆ.
ಕೊಟ್ಟೇ ಬಿಡೋಣಂತ ನಿನ್ನ ಬಾಗಿಲ ತನಕ ಬಂದೆ.
ಬಂದು ನಿಂತೆ.
ಮಂದಿ ಬಾಕಿ ಚುಕ್ತಾ ಮಾಡೂದು ಯಾವಾಗ?
ಸೆರಗಿನ್ಯಾಗ ಮುಚಗೊಂಡು ತಿರುಗಿ ಒಯ್ದೆ.

ನಾಕು ಸಲ ಹಚ್ಚಿ ಮುಗಿಸಿ ಹೊಸಾ ಫಿಲ್ಮು.
ಡಾಕ್ಟರ್ ಪೆನ್ನಿನ ತುದಿಲೆ ತೋರಿಸಿದರು:
ಇಲ್ಲಿ ಸಣ್ಣದಾಗ್ಯದ.
ಇಲ್ಲಿ, ಇದು, ಹೊಸದು.
ತೊಗರಿಕಾಳಿನಷ್ಟು.
ತೊಗರಿ ಹಸನು ಮಾಡಿ ಬೆಳದವರು ನಾವು,
ಕಾಳಿನಷ್ಟು ಹಳ್ಳು ಹಲ್ಲಿಗೆ ಸಿಕ್ಕರ ಏನಂತ
ಯಾರೂ ನಮಗ ತಿಳಿಸಿ ಹೇಳಬೇಕಾಗಿಲ್ಲ.
ಹೊಸಾ ಔಷಧ ಬರಕೊಟ್ಟರು. ಎಣಿಕಿ ಮತ್ತ ಒಂದರಿಂದ.

ಆ ರಾತ್ರಿ ಎಲ್ಲಾರನೂ ಹೊರಗ ಕಳಿಸಿ
ಫರ್ಸಿಗೆ ಗಲ್ಲ ಒತ್ತಿ ಬಿದ್ದುಕೊಂಡಿದ್ದಿ.
ನಮ್ಮ ಶಹಾಬಾದದ ಕಲ್ಲು, ತಣ್ಣಗ, ಮಾತಿಲ್ಲ.
ಹಡದ ಕೂಸಿಂದರಂಗ ನಿನ್ನ ತಲಿ.
ಮ್ಯಾಲ ಕೈ ಇಡಬೇಕನಸ್ತು.
ಇಡಲಿಲ್ಲ.
ಬಾಗಿಲದಾಗ ಟೊಂಕಕ್ಕ ಕೈ ಕೊಟ್ಟು ನಿಂತೆ:

"ಕೇಳಿಲ್ಲಿ. ನಿಮ್ಮವ್ವನ ಪರಾತ ನನ್ನ ಹಂತೇಕನೇ ಅದ.
ನೀ ಸತ್ತರೂ ಕೊಡೂದಿಲ್ಲ,
ಬದಕಿದರೂ ಕೊಡೂದಿಲ್ಲ.
ತಾಕತ್ತಿದ್ರ ಬಂದು ಕಸಗೊಂಡು ಹೋಗು."

ಭಾಳ ಹೊತ್ತು ಏನೂ ಇಲ್ಲ.
ಸಿಮೆಂಟ್ ಲಾರಿ ಒಂದು ಹೋಯ್ತು,
ಮಾಡಿನ್ಯಾಗಿನ ಗಿಂಡಿ ಸಣ್ಣಗ ನಡುಗಿತು.
ಆಮ್ಯಾಲ ನೆಲಕ್ಕ ಹತ್ತಿದ ಬಾಯಿಲೇ:
"ನಿನ್ನ ಬಾಯಾಗ ಮಣ್ಣು ಬೀಳ್ಲಿ, ಕಳ್ಳಿ."

ಎಷ್ಟು ದಿನಕ್ಕ ಬೈದಿ!
ಮಗ್ಗಲಾದಿ. ಗಂಜಿ ಕೇಳಿದಿ.
ಅರ್ಧ ಹೊರಗ ಬಂತು.
ಅರ್ಧ ಉಳೀತು.

ಸೋಮವಾರ ಮುಂಜಾನಿ ಗಾಡಿ.
ಫೈಲು ಚೀಲದಾಗ ಅದ, ಬುತ್ತಿ ಅದ,
ಮಡಚಿದ ಪ್ಲಾಸ್ಟಿಕ್ ಅದ.
ಕೌಂಟ್ ಏರ್ತದೋ ಇಲ್ಲೋ ನಾ ಏನೂ ಹೇಳೂದಿಲ್ಲ.
ಕಲಬುರಗಿ ತನಕ ಸಾಲುವಂಥಾ
ಒಂದು ಜಗಳ ಮಾತ್ರ ತೆಗೆದಿಟ್ಟೀನಿ:
ಪರಾತಕ್ಕ ಆ ತಗ್ಗು ಹಾಕಿದಾಕಿ
ನೀನೋ, ನಾನೋ?